ಕನಕ ಸತ್ತ ಭಾನುವಾರ

ರಾತ್ರಿ ಪಾಳಿ ಮುಗಿಸಿ, ಮನೆಗೆ ಹೋಗಿ ಅಡುಗೆ ಮಾಡಿಟ್ಟು, ಕಣ್ಣು ಮುಚ್ಚದೆ ಹೊಸೂರಿನ ಲೈಬ್ರರಿಗೆ ಬಂದ ಉಷಾರಾಣಿಗೆ ಮೆಟ್ಟಿಲು ಹತ್ತುವುದರಲ್ಲೇ ಸಾಕುಸಾಕಾಗಿತ್ತು. ಮೋಟಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ತಂತಿ ಸುತ್ತಿ ಸುತ್ತಿ ಬೆರಳು ಮರಗಟ್ಟಿದ್ದವು. ಆದರೂ ಬಂದಳು. ಹೋದ ಭಾನುವಾರ ಓವರ್‌ಟೈಮ್ ಹಾಕಿದ್ದರಿಂದ ತಪ್ಪಿಹೋಗಿತ್ತು. ಕನಕ ಏನಾದಳೋ ಎಂದು ವಾರವೆಲ್ಲ ಅದೇ ಯೋಚನೆ.

ಕನಕ ಅಂದರೆ ಕತೆಯೊಳಗಿನ ಹುಡುಗಿ. ತಮಿಳು ಪುಸ್ತಕಗಳ ಸಾಲು ದಾಟಿದರೆ ಕನ್ನಡದ್ದು ಒಂದೇ ಬೀರು. ಅದರ ಪಕ್ಕದ ಮೇಜಿನಲ್ಲಿ ರಿಟೈರಾದ ಮೇಷ್ಟ್ರು ವೆಂಕಟರಾಮಪ್ಪನವರು ಕತೆ ಬರೆಯುವವರ ಗುಂಪು ಕಟ್ಟಿದ್ದರು. ಎಲ್ಲರೂ ಸೇರಿ ಬರೆಯುವುದು ಒಂದೇ ಕತೆ. ಶಿಫ್ಟಿನ ಜನ, ಆ ವಾರ ಯಾರು ಸಿಕ್ಕಿದರೋ ಅವರ ಕೈಗೆ ಹಾಳೆ. ಮೊದಮೊದಲು ಒಬ್ಬ ಕಟ್ಟಿದ ಮನೆಯನ್ನು ಇನ್ನೊಬ್ಬ ಕೆಡವಿ, ಒಬ್ಬಳು ಮಾಡಿಸಿದ ಮದುವೆಯನ್ನು ಇನ್ನೊಬ್ಬಳು ಮುರಿದು, ಕತೆ ಇದ್ದಲ್ಲೇ ಗಿರಕಿ ಹೊಡೆಯುತ್ತಿತ್ತು. ಕೊನೆಗೆ ಮೇಷ್ಟ್ರು ಒಂದು ಕಟ್ಟು ಮಾಡಿದರು. ಹಿಂದಿನವರು ಬರೆದದ್ದನ್ನು ಯಾರೂ ಹೊಡೆದುಹಾಕುವಂತಿಲ್ಲ. ಸರಿ ಎಂದು ಮೊದಲು ಕೈ ಎತ್ತಿದವಳು ಉಷಾರಾಣಿಯೇ.

ಕನಕಳನ್ನು ಕತೆಗೆ ತಂದವಳೂ ಅವಳೇ. ಉಷಾರಾಣಿಯ ಊರೇ ಆದ ನಾಟ್ರಾಂಪಾಳ್ಯದಿಂದ ಹೊಸೂರಿನ ಅಕ್ಕನ ಮನೆಗೆ ಬಂದ, ಬಾಯಿಗೆ ಬೀಗವಿಲ್ಲದ ಹುಡುಗಿ. ತನ್ನ ಸರದಿ ಬಂದಾಗಲೆಲ್ಲ ಉಷಾರಾಣಿ ಅವಳಿಗೆ ಬಳೆ ತೊಡಿಸಿದಳು, ಹೊಟ್ಟೆ ತುಂಬ ಉಣಿಸಿದಳು, ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ರೀಮು ಕೊಡಿಸಿದಳು. ಕನಕ ಅಂದರೆ ನಿಜಕ್ಕೂ ತನ್ನ ತಂಗಿ ಸುಗುಣಾ, ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋದವಳು, ಹೊಸೂರನ್ನು ಒಮ್ಮೆಯೂ ನೋಡದವಳು ಎಂದು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ಪಾಪ ಅಂದು, ಆ ಹುಡುಗಿಗೆ ಒಂದು ತಮಾಷೆಯ ಮಾತೂ ಬರೆಯದೆ ಬಿಡುತ್ತಿದ್ದರು.

ಮೇಷ್ಟ್ರು ಹೋದ ವಾರದ ಹಾಳೆ ಓದತೊಡಗಿದರು. ಬರೆದವನು ಲಾರಿ ಶೆಡ್ಡಿನ ಮೋಹನ್. ಆನೆಯಿಲ್ಲದೆ ಅವನಿಗೆ ಕತೆಯೇ ಇಲ್ಲ. ಹಿಂದೊಮ್ಮೆ ಮದುವೆಯ ಚಪ್ಪರಕ್ಕೂ ಆನೆ ನುಗ್ಗಿಸಿದ್ದ ಪುಣ್ಯಾತ್ಮ. ಈ ಸಲ ಸಾನಮಾವಿನ ಕಾಡಿನ ಹತ್ತಿರ ಬಸ್ಸು ಕೆಟ್ಟು ನಿಂತಿತ್ತು. ಕನಕ ಕೆಳಗಿಳಿದಿದ್ದಳು. ಆನೆ ಬಂದಿತ್ತು.

"ಸಾಯಿಸ್ಬುಟ್ಯಾ?" ಎಂದಳು ಉಷಾರಾಣಿ.

"ಕತೆ ಮುಂದುಕ್ಕೇ ಹೋಗ್ತಿರ್ಲಿಲ್ಲ ಕಣಕ್ಕಾ. ಬರೀ ಉಣ್ಣೋದು, ಬಳೆ ತೊಡೋದು! ಅದಕ್ಕೇ ಆನೆ ಬುಟ್ಟೆ," ಎಂದ ಮೋಹನ್. ಎಲ್ಲರೂ ನಕ್ಕರು.

"ಮೇಷ್ಟ್ರೇ, ಇದನ್ನ ಹೊಡೆದ್ಹಾಕ್ಬುಡಿ."

"ಕಟ್ಟು ಮಾಡ್ದಾಗ ಮೊದ್ಲು ಕೈ ಎತ್ತಿದ್ದು ನೀನೇ ಅಲ್ವೇನಮ್ಮಾ? ಇವತ್ತು ಸರದೀನೂ ನಿಂದೇ. ಹೆಂಗಾದ್ರೂ ಮಾಡಿ ಮುಂದುಕ್ಕೆ ತಗೊಂಡ್ಹೋಗು," ಎಂದು ಮೇಷ್ಟ್ರು ಹಾಳೆ ಸರಿಸಿದರು.

ಉಷಾರಾಣಿಗೆ ಮೋಹನನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ನಿಜ ಹೇಳಿದ್ದರೆ ಕಟ್ಟೂ ಮುರಿಯುತ್ತಿತ್ತು, ಅವನೇ ಕಾಲಿಗೆ ಬೀಳುತ್ತಿದ್ದ. ಆದರೆ ಅದನ್ನೆಲ್ಲ ಮೊದಲಿಂದ ಹೇಳಿ, ಅವರ ಮರುಕವನ್ನು ಕೂತು ಕೇಳುವ ತ್ರಾಣ ಅವಳಲ್ಲಿರಲಿಲ್ಲ.

ಸುಗುಣಾ ಹೋದ ದಿನ ಫ್ಯಾಕ್ಟರಿಯ ಗೇಟಿಗೆ ಫೋನು ಬಂದಿತ್ತು. ಆಗ ಅವಳ ಹತ್ತಿರ ಸೆಲ್ ಇರಲಿಲ್ಲ. ಕೆಲಸ ನಿಂತುಹೋಗುತ್ತದೆಂದು ಸೂಪರ್‌ವೈಸರ್ ಸುದ್ದಿ ಹೇಳಿದ್ದು ಶಿಫ್ಟು ಮುಗಿದ ಮೇಲೆ. ಅಂಚೆಟ್ಟಿ ದಾಟಿ ಊರು ಸೇರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. "ಈಗ ಬಂದ್ಯಾ?" ಎಂದಷ್ಟೇ ಅಮ್ಮ ಕೇಳಿದ್ದಳು.

ಉಷಾರಾಣಿ ಪೆನ್ನು ತೆಗೆದುಕೊಂಡಳು. ಬರೆದು ಮುಗಿಸಿ ಕೊಟ್ಟಾಗ ಮೇಷ್ಟ್ರು ಗಟ್ಟಿಯಾಗಿ ಓದಿದರು:

"ಕನಕ ಹೋದ ಸುದ್ದಿ ಬಂದ ಕೂಡಲೇ ಅಕ್ಕನಿಗೆ ಹೇಳಿದರು. ಅಕ್ಕ ಮೆಷಿನ್ನು ನಿಲ್ಲಿಸಿ ಹೊರಟಳು. ಅವಳು ಬರುವ ತನಕ ಯಾರೂ ಹೆಣ ಎತ್ತಲಿಲ್ಲ. ಅಕ್ಕ ಬಂದು ತಂಗಿಯ ಮುಖ ತೊಳೆದಳು, ತಲೆ ಬಾಚಿದಳು, ಬಳೆ ತೊಡಿಸಿದಳು."

"ಸತ್ತೋಳ್ಗೂ ಬಳೇನಾ ಅಕ್ಕಾ?" ಎಂದು ನಗಲು ಹೊರಟ ಮೋಹನ್, ಅವಳ ಮುಖ ನೋಡಿ, ಮೇಜಿನ ಮೇಲಿದ್ದ ಪೆನ್ನಿಗೆ ಮುಚ್ಚಳ ಹಾಕತೊಡಗಿದ.

"ಮೇಷ್ಟ್ರೇ, ಇದನ್ನ ಇನ್ ಯಾರೂ ಹೊಡೆದ್ಹಾಕಂಗಿಲ್ಲ, ಅಲ್ವಾ?"

"ಇಲ್ಲ ತಾಯಿ. ಕಟ್ಟು ಅಂದ್ರೆ ಕಟ್ಟು."

ಉಷಾರಾಣಿ ಮೇಜಿನ ಮೇಲೆ ತಲೆಯಿಟ್ಟು, ಅಲ್ಲೇ ನಿದ್ದೆಹೋದಳು.