ಹೋಕ್ಲಾಯನ ಊಟ ಮುಗಿಯಲಿಲ್ಲ

ಎಂಟನೆಯ ಸಲವೂ ನಾಣ್ಯಗಳೆರಡೂ ಮಗುಚಿಕೊಂಡೇ ಬಿದ್ದವು.

"ಇಲ್ಲ ಅಂತಾನೆ," ಎಂದ ಪುರೋಹಿತ, ಹಣೆಯ ಬೆವರೊರೆಸುತ್ತ.

ಒಂದು ನಾಣ್ಯ ಮುಖ ಮೇಲಾಗಿ, ಇನ್ನೊಂದು ಮಗುಚಿ ಬಿದ್ದರೆ ಸತ್ತವನು 'ಊಟ ಆಯ್ತು' ಅಂದಂತೆ. ಆಮೇಲೇ ಎಡೆ ತೆಗೆದು ಶವದ ಪೆಟ್ಟಿಗೆ ಎತ್ತಬೇಕು. ಮುಹೂರ್ತ ಹತ್ತೂವರೆಗೆ, ಪುರೋಹಿತನ ಕೈಗಡಿಯಾರ ಆಗಲೇ ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಎಡೆಯೋ, ಒಂದು ಹಡಗಿನ ಮಂದಿಯೆಲ್ಲ ತಿಂಗಳು ಉಂಡರೂ ಮಿಗುವಷ್ಟಿತ್ತು: ಗುಡ್ಡದಂಥ ಅನ್ನ, ಹಾಲುಮೀನಿನ ಸಾರು, ಬಂಡಿಯ ಗಾಲಿಯಷ್ಟು ಅಗಲದ, ಸಿಂಪಿಯ ಮಾಂಸ ಹಾಕಿದ ಆಮ್ಲೆಟ್ಟು.

"ಬದುಕಿದ್ದಾಗ ಮೂರು ಮನೇಲಿ ತಿಂಡಿ ತಿಂದು, ನಾಲ್ಕನೇ ಮನೇಲಿ 'ಬೆಳಿಗ್ಗೆಯಿಂದ ಯಾರೂ ಒಂದು ತುತ್ತು ಹಾಕಿಲ್ಲ' ಅಂತಿದ್ದೋನು," ಎಂದಳು ಆಬಿ. ಸಿಂಪಿ ಸುಲಿಯುವ ಚಪ್ಪರದಲ್ಲಿ ಸತ್ತವನ ಪಕ್ಕದಲ್ಲೇ ಕೂರುತ್ತಿದ್ದವಳು. "ಸತ್ತ ತಕ್ಷಣ ಉಂಡಿದ್ದು ನೆನಪಾಗತ್ತಾ?"

ಎದ್ದ ನಗೆಗೆ ಬಂದರಿನ ದೋಣಿಗಳೆಲ್ಲ ಒಮ್ಮೆ ತೂಗಾಡಿದವು. ಸ್ಯುಕಿಮ್ ಮಾತ್ರ ನಗಲಿಲ್ಲ. ಎಪ್ಪತ್ತೆರಡರ ಮುದುಕಿ. ಸತ್ತ ತಮ್ಮ ಹೋಕ್ಲಾಯನಿಗೆ ಹೆಂಡತಿ ಮಕ್ಕಳಿಲ್ಲದ್ದರಿಂದ ನಾಣ್ಯ ಅವಳ ಕೈಗೆ ಬಂದಿತ್ತು. ಅವಳು ಅಲ್ಲಿ, ಎಲ್ಲರೆದುರೇ, ಒಂದು ಕಳ್ಳತನ ಮಾಡುತ್ತಿದ್ದಳು. ಬಾಯಲ್ಲಿ "ಊಟ ಆಯ್ತೇನೋ?" ಎನ್ನುವಳು, ಅದೇ ನಾಣ್ಯಕ್ಕೆ ಒಳಗಿನಿಂದ ಕೇಳುವಳು: ನನ್ನನ್ನು ಮನ್ನಿಸಿದೆಯೇನೋ?

*

ಅವಳಿಗೆ ಆರು ವರ್ಷವಾಗಿದ್ದಾಗ ಅಮ್ಮನಿಗೆ ಹೆರಿಗೆ ನೋವು ಶುರುವಾಯಿತು. "ಉಪ್ಪಿನಗದ್ದೆ ದಾಟಿ ಸೂಲಗಿತ್ತೀನ ಕರ್ಕೊಂಡು ಬಾ, ಓಡು!" ಓಡಿದಳು. ದಾರಿಯಲ್ಲಿ ಗುಡಿ, ಗುಡಿಯ ಮುಂದೆ ಕೈಗೊಂಬೆಯಾಟ. ಬೊಂಬೆ ಸೇನಾಪತಿ ಲಕ್ಷ ರಾಕ್ಷಸರ ತಲೆ ಹಾರಿಸುತ್ತಿದ್ದ. ಒಂದು ಕಬ್ಬಿನ ತುಂಡು ಅಗಿದು ಮುಗಿಯುವಷ್ಟು ಹೊತ್ತು ನಿಂತಳು. ಸೂಲಗಿತ್ತಿ ಬರುವಷ್ಟರಲ್ಲಿ ಕೊರಳಿಗೆ ಕರುಳಬಳ್ಳಿ ಸುತ್ತಿಕೊಂಡ ಕೂಸು ನೀಲಿಗಟ್ಟಿತ್ತು. ಅತ್ತಿತು, ಬದುಕಿತು. ತಡ ಯಾಕಾಯಿತೆಂದು ಯಾರೂ ಕೇಳಲಿಲ್ಲ.

ಹೋಕ್ಲಾಯನಿಗೆ ಮೂವತ್ತಾದಾಗ ತೈಪೆಯ ಡಾಕ್ಟರೊಬ್ಬ ವಿಷಯ ಬಿಡಿಸಿ ಹೇಳಿದ. "ತಲೆಯೊಳಗೆ ಒಂದು ದಿನಚರಿ ಪುಸ್ತಕ, ಒಂದು ಉಗ್ರಾಣ ಇರ್ತವಮ್ಮ. ಹುಟ್ಟುವಾಗ ಉಸಿರು ಸಾಲದೆ ಇವನ ದಿನಚರಿ ಹಾಳಾಗಿದೆ. ನಿನ್ನೆ ಏನಾಯ್ತು ಅಂತ ಉಳಿಯಲ್ಲ. ಉಗ್ರಾಣ ಗಟ್ಟಿಯಾಗಿದೆ. ಮತ್ತೆ ಮತ್ತೆ ಕೇಳಿದ್ದು ಅಲ್ಲಿಗೆ ಇಳಿಯತ್ತೆ. ಯಾರು ಹೇಳಿದ್ರು, ಯಾವಾಗ ಹೇಳಿದ್ರು, ಅದು ಮಾತ್ರ ಇರಲ್ಲ. ಕೈಗಳ ಕಲಿಕೆಯಂತೂ ಬೇರೆಯೇ."

ನಿಜವೇ. ಹೋಕ್ಲಾಯ ಕಣ್ಣು ಮುಚ್ಚಿ ನಿಮಿಷಕ್ಕೆ ಸಾವಿರ ಸಿಂಪಿ ಸುಲಿಯಬಲ್ಲ; ಕತ್ತಿ ಹಿಡಿಯಲು ಕಲಿಸಿದ್ದು ಯಾರೆಂದರೆ ತಬ್ಬಿಬ್ಬಾಗುವನು. ಉಬ್ಬರವಿಳಿತದ ವೇಳೆಯನ್ನು ಸಮುದ್ರಕ್ಕೇ ಹೇಳಿಕೊಡುವಷ್ಟು ಬಲ್ಲ.

ಆ ರಾತ್ರಿ ಸ್ಯುಕಿಮ್ ಅವನಿಗೆ ಎಲ್ಲವನ್ನೂ ಹೇಳಿ ಅತ್ತಳು. ಅವನು ಯೋಚಿಸಿ ಅಂದ: "ಆರು ವರ್ಷದ ಹುಡುಗಿ ಬೊಂಬೆಯಾಟ ಬಿಟ್ಟು ಓಡ್ತಾಳೇನೇ? ತಪ್ಪು ನಿಂದಲ್ಲ." ಬೆಳಗಾಗುವಷ್ಟರಲ್ಲಿ ಆ ಮಾತು ಅವನಲ್ಲಿರಲಿಲ್ಲ. ಮುಂದಿನ ವರ್ಷ ಮತ್ತೆ ಹೇಳಿದಳು. ಅದರ ಮುಂದಿನ ವರ್ಷವೂ. ಪ್ರತಿಸಲವೂ ಅವನು ಹೊಸದಾಗಿ ಮನ್ನಿಸಿದ, ಪ್ರತಿಸಲವೂ ಮರೆತ. ಕೊಟ್ಟವನಿಗೇ ನೆನಪಿಲ್ಲದ ಕ್ಷಮೆಯನ್ನು ಯಾವ ಗಂಟಿನಲ್ಲಿ ಕಟ್ಟಿಡುವುದು?

*

ಒಂಬತ್ತನೆಯ ಸಲವೂ ಇಲ್ಲ. ಪುರೋಹಿತ ಒಂದೇ ಕಾಲಲ್ಲಿ ಕುಣಿಯತೊಡಗಿದ. "ಬೇಗ, ಬೇಗ! ಇನ್ನು ಆರೇ ನಿಮಿಷ!"

ಆಬಿ ಬಗ್ಗಿ ಸ್ಯುಕಿಮ್‌ಳ ಕಿವಿಗೆ ಬಾಯಿಟ್ಟಳು. "ಅಕ್ಕಾ, ಬಾಯಲ್ಲೊಂದು, ಹೊಟ್ಟೇಲೊಂದು ಕೇಳಿದ್ರೆ ಪಾಪ ಅವನು ಯಾವುದಕ್ಕೆ ಉತ್ತರ ಕೊಡ್ಬೇಕು? ಆ ಬೊಂಬೆಯಾಟದ ವಿಷಯ ಬಿಡು."

ಸ್ಯುಕಿಮ್ ಥಟ್ಟನೆ ತಿರುಗಿದಳು. "ನಿನಗ್ಯಾರು ಹೇಳಿದ್ರು?"

"ಇನ್ಯಾರು, ಅವನೇ."

"ಸುಳ್ಳು. ಅವನಿಗೆ ನೆನಪಿರಲಿಲ್ಲ."

"ನೆನಪಿರಲಿಲ್ಲ, ಗೊತ್ತಿತ್ತು. 'ಯಾರೋ ಹೇಳಿದ್ದು ನಿಂಗೆ?' ಅಂದ್ರೆ, 'ಯಾರೂ ಹೇಳಿಲ್ಲ, ನಂಗೊತ್ತು' ಅಂತಿದ್ದ. ಸಿಂಪಿ ಸುಲೀತಾ ದಿನಾ ಒಪ್ಪಿಸೋನು, ಒಂದೇ ಉಸಿರಲ್ಲಿ. ಇವತ್ತು ಉಬ್ಬರ ಹತ್ತೂವರೆಗೆ. ಗುಡಿಯ ದೇವಿ ಸಮುದ್ರದಮ್ಮ ಹುಟ್ಟಿದ್ದು ಮೂರನೇ ತಿಂಗಳ ಇಪ್ಪತ್ತಮೂರಕ್ಕೆ. ಅಕ್ಕ ಆರು ವರ್ಷದವಳು, ಬೊಂಬೆಯಾಟಕ್ಕೆ ನಿಂತಳು..."

"ತಪ್ಪು ಅವಳದಲ್ಲ," ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬಳು ಮುಗಿಸಿದಳು. "ನಮಗೆಲ್ಲ ಬಾಯಿಪಾಠ ಆಗಿ ಇಪ್ಪತ್ತು ವರ್ಷವಾಯ್ತಲ್ಲ."

ಚಪ್ಪರದ ಹೆಂಗಸರೆಲ್ಲ, ಇದೇನು ಮಹಾ ಎಂಬಂತೆ, ತಲೆಯಾಡಿಸಿದರು.

ಸ್ಯುಕಿಮ್ ಎಡೆಯ ಹಿಂದೆ ಗಾಜು ಹಾಕಿಸಿ ಇಟ್ಟಿದ್ದ ತಮ್ಮನ ಫೋಟೋ ನೋಡಿದಳು. ಸೆರಗಿಲ್ಲದ ಒರಟು ಶೋಕದಂಗಿಯ ತೋಳಿನಿಂದ ಮೂಗೊರೆಸಿಕೊಂಡಳು. ಆಮೇಲೆ ನಾಣ್ಯಗಳನ್ನು ಎತ್ತಿ ಹಿಡಿದು, ಬಾಯಲ್ಲೂ ಒಳಗೂ ಒಂದೇ ಪ್ರಶ್ನೆ ಕೇಳಿದಳು:

"ಹೊಟ್ಟೆ ತುಂಬ್ತೇನೋ?"

ನಾಣ್ಯಗಳು ಕುಣಿದು, ಉರುಳಿ, ಎರಡೂ ಮಗುಚಿ ಬಿದ್ದವು.

"ಹೊಟ್ಟೆಬಾಕ!" ಎಂದಳು ಸ್ಯುಕಿಮ್, ನಗುತ್ತ. "ಆಬಿ, ಒಲೆ ಹಚ್ಚೇ."

ಪುರೋಹಿತ ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಸಿದ. ಬಾಣಲೆಯಿಂದ ಇಳಿಸಿದ ಆಮ್ಲೆಟ್ಟನ್ನು ಸ್ಯುಕಿಮ್ ಫೋಟೋದ ಮುಂದಿಟ್ಟಳು. ಹಬೆ ಏರಿ ಗಾಜು ಮಬ್ಬಾಯಿತು, ಹೋಕ್ಲಾಯನ ಮುಖ ಅಳಿಸಿಹೋಯಿತು. ಹಬೆ ಆರುತ್ತಿದ್ದಂತೆ ಮೊದಲು ಬಾಯಿ, ಆಮೇಲೆ ಕಣ್ಣು, ಆಗಷ್ಟೇ ಊಟಕ್ಕೆ ಕೂತವನಂತೆ ಮತ್ತೆ ಮೂಡಿದವು.