ನನ್ನ ಕೊನೆಯ ಹಾಳೆ

ನಾನು ಒಂದು ಕಾದಂಬರಿ. ಹೆಸರು 'ಕೆಂಪು ಗ್ರಹದ ಅಂಚೆ'. ಬೆಂಗಳೂರಿನ ಒಂದು ಅಚ್ಚುಕೂಟದಲ್ಲಿ ಸಾವಿರ ಅಣ್ಣತಮ್ಮಂದಿರ ಜೊತೆ ಹುಟ್ಟಿದೆ. ಮೈಯಿಂದ ಶಾಯಿಯ ವಾಸನೆ ಹೋಗುವ ಮೊದಲೇ ತುಮಕೂರಿನ ಅಂಬುಜಾಕ್ಷಮ್ಮನವರ ಸರ್ಕ್ಯುಲೇಟಿಂಗ್ ಲೈಬ್ರರಿಗೆ ಬಂದೆ. ಅವರು ನನಗೆ ಕಂದು ಕಾಗದದ ಅಂಗಿ ತೊಡಿಸಿ ಬೆನ್ನಿಗೆ ನಂಬರ್ ಅಂಟಿಸಿದರು.

ಅಲ್ಲಿನ ಓದುಗರದ್ದೊಂದು ಪದ್ಧತಿ. ಓದಿ ಮುಗಿಸಿದವರು ಹದಿನೇಳನೇ ಪುಟದಲ್ಲಿ ಪೆನ್ಸಿಲಿನಿಂದ ತಮ್ಮದೊಂದು ಗುರುತು ಹಾಕುತ್ತಾರೆ. ಓದಿದ್ದನ್ನೇ ಮತ್ತೆ ಒಯ್ಯಬಾರದಲ್ಲ! ಎರಡೇ ವರ್ಷಕ್ಕೆ ನನ್ನ ಆ ಪುಟದ ತುಂಬ ಚುಕ್ಕಿ, ನಕ್ಷತ್ರ, ಸೊನ್ನೆ. ನನಗೂ ಸ್ವಲ್ಪ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಆಗಲೇ ಯಾರೋ ಪುಣ್ಯಾತ್ಮರು ನನ್ನ ಕೊನೆಯ ಹಾಳೆ ಕಿತ್ತುಕೊಂಡರು. ಮಂಗಳ ಗ್ರಹದಲ್ಲಿ ಅಂಚೆ ಹಂಚುವ ಕೆಂಚಣ್ಣ ಕೊನೆಯ ನೌಕೆ ಹತ್ತಲು ಓಡುತ್ತಿದ್ದಾನೆ, ಕಥೆ ಅಲ್ಲಿಗೇ ನಿಂತಿತು. ಕೊನೆಯಿಲ್ಲದ ಪುಸ್ತಕಕ್ಕೆ ರದ್ದಿ ಅಂಗಡಿಯೇ ಗತಿ. ಅಂಬುಜಾಕ್ಷಮ್ಮ ಬೇರೆ ಪ್ರತಿ ಹುಡುಕಿದರು, ಸಿಗಲಿಲ್ಲ. ಅವರೂ ನನ್ನನ್ನು ಓದಿರಲಿಲ್ಲ, ಮೊದಲು ಓದಿದವರಿಗೆ ಕೊನೆ ಸರಿಯಾಗಿ ನೆನಪಿರಲಿಲ್ಲ. ಕಡೆಗೆ ಗೆರೆ ಹಾಳೆಯಲ್ಲಿ ತಾವೇ ಒಂದು ಕೊನೆ ಬರೆದು ಅಂಟಿಸಿದರು. ಕೆಂಚಣ್ಣ ನೌಕೆ ಹತ್ತಿದ, ಊರಿಗೆ ಬಂದ, ಕಾಲು ತೊಳೆದುಕೊಂಡು ಮನೆಯೊಳಗೆ ಹೋದ. ಮೂಲದಿಂದ ನಕಲು ಮಾಡಿದ್ದೆಂದೇ ಆಮೇಲೆ ಓದಿದವರೆಲ್ಲ ನಂಬಿದರು. ಅಂಬುಜಾಕ್ಷಮ್ಮ ಬಾಯಿ ಬಿಡಲಿಲ್ಲ.

ಇಪ್ಪತ್ತು ವರ್ಷದ ಮೇಲೆ ನನ್ನ ಕಥೆ ಸಿನಿಮಾ ಆಯಿತು. ನನ್ನೊಳಗೆ ಅರವತ್ತು ಪುಟ ಬೀಸಿದ ಧೂಳಿನ ಬಿರುಗಾಳಿಯನ್ನು ಅವರು ಒಂದು ಹಾಡಿನಲ್ಲಿ ಮುಗಿಸಿದ್ದರಂತೆ. ಅದನ್ನಾದರೂ ಕ್ಷಮಿಸಬಹುದು. ಸಿನಿಮಾ ನೋಡಿದ ಮರುದಿನ ಟೈಪಿಂಗ್ ಕಲಿಸುವ ಫಾಲಾಕ್ಷಪ್ಪ, ನಮ್ಮ ಹಳೆಯ ಓದುಗ, ಉರಿಯುತ್ತ ಬಂದ.

"ಕೆಂಚಣ್ಣನ್ನ ಮಂಗಳದಲ್ಲೇ ಬಿಟ್ಟು ಬಂದಿದಾರಲ್ಲ ಅಂಬುಜಾಕ್ಷಮ್ಮ! ಕಾದಂಬರಿನೇ ಕೆಡಿಸಿಬಿಟ್ರು. ಬರೆದವ್ರನ್ನೇ ಕರೆಸಿ ಕೇಳ್ತೀನಿ."

ಮಾತಿಗೆ ಅಂದದ್ದು ಅಂದುಕೊಂಡರೆ, ಆಸಾಮಿ ಕರೆಸಿಯೇ ಬಿಟ್ಟ. ಭಾನುವಾರ ಲೇಖಕ ನರಹರಿರಾಯರು ಓದುಗರ ನಡುವೆ ಕೂತರು.

"ಸಿನಿಮಾದವ್ರು ನಿಮಗೆ ಮೋಸ ಮಾಡಿದಾರೆ ಸಾರ್," ಎಂದ ಫಾಲಾಕ್ಷಪ್ಪ.

"ಇಲ್ಲವಲ್ಲ. ಕೊನೆ ನಾನು ಬರೆದ ಹಾಗೇ ಇದೆ."

ಫಾಲಾಕ್ಷಪ್ಪ ನನ್ನನ್ನು ತೆರೆದು ಅವರ ಕೈಗಿಟ್ಟ. ಅಂಬುಜಾಕ್ಷಮ್ಮನವರ ಮುಖ ಬಾಡಿತು. ಇಪ್ಪತ್ತು ವರ್ಷದ ನಂಬಿಕೆ ಹೋಗುತ್ತದೆ, ನಾನು ರದ್ದಿಗೆ ಹೋಗುತ್ತೇನೆ. ಹೆದರಿಕೆಗೆ ನನ್ನ ಹೊಲಿಗೆಯೇ ಸಡಿಲವಾಯಿತು.

ರಾಯರು ಆ ಹಾಳೆಯನ್ನು ಎರಡು ಸಲ ಓದಿದರು. "ಯಾರು ಬರೆದದ್ದು?"

"ನಾನೇ ಸಾರ್, ತಪ್ಪಾಯ್ತು. ಅರ್ಧ ಕಥೆ ಓದಿ ಯಾರೂ ಒದ್ದಾಡಬಾರದು ಅಂತ..."

"ತಪ್ಪೇನು ಬಂತಮ್ಮ? ಆ ಬಡಪಾಯಿನ ಮನೆಗೆ ಕಳಿಸ್ರಿ ಅಂತ ನನ್ನ ಹೆಂಡತಿ ಈಗಲೂ ಜಗಳ ಆಡ್ತಾಳೆ. ಹೇಗೆ ಕಳಿಸೋದು ಅಂತ ನನಗೇ ಗೊತ್ತಾಗಿರಲಿಲ್ಲ."

"ಇಷ್ಟು ವರ್ಷ ನಮಗೆ ಟೋಪಿ ಹಾಕಿದ್ರಾ?" ಎಂದು ಫಾಲಾಕ್ಷಪ್ಪ ನಕ್ಕ. ಎಲ್ಲರೂ ನಕ್ಕರು. ಅಬ್ಬಾ, ಹೋದ ಜೀವ ಬಂದಂತಾಯಿತು.

ಈಗ ನಾನು ಗಾಜಿನ ಬೀರುವಿನಲ್ಲಿದ್ದೇನೆ. ಸಿನಿಮಾದ ಕೆಂಚಣ್ಣ ಧೂಳಿನಲ್ಲೇ ಇದ್ದಾನೆ, ನನ್ನ ಅಣ್ಣತಮ್ಮಂದಿರ ಕೆಂಚಣ್ಣನೂ ಅಲ್ಲೇ. ನನ್ನವನೊಬ್ಬ ಮನೆ ಸೇರಿದ. ಅವತ್ತು ಹೊರಡುವ ಮೊದಲು ರಾಯರು ಪೆನ್ಸಿಲ್ ಕೇಳಿ ಪಡೆದು, ಹದಿನೇಳನೇ ಪುಟದಲ್ಲಿ ಜಾಗ ಹುಡುಕಿ, ಓದಿದವರ ನಡುವೆ ತಮ್ಮದೂ ಒಂದು ಚುಕ್ಕಿ ಇಟ್ಟುಹೋದರು.