ಮಂತ್ರಿಗಾಗಿ ಕಾದ ಮಶೀನು

ಅರವತ್ತೈದರ ಬೇಸಿಗೆ. ಮಳೆಗಾಲಕ್ಕೆ ಮೊದಲು ಮಾಳಮಡ್ಡಿಯ ಮನೆಯೊಂದಕ್ಕೆ ಹಂಚು ಹೊಚ್ಚುತ್ತಿದ್ದ ಗಿರಿಯಪ್ಪ ಕಾಲು ಜಾರಿ ಬಿದ್ದ. ಬಿದ್ದವನು ತಾನೇ ಎದ್ದು, ತಲೆ ತಿಕ್ಕಿಕೊಂಡು, ಚಹಾ ಕುಡಿದು ನಗುತ್ತಲೇ ಮನೆಗೆ ಬಂದ. ದಿನ ಕಳೆದಂತೆ ಮಾತು ತೊದಲಿತು, ನಿದ್ದೆ ಹೆಚ್ಚಾಯಿತು. ಒಂದು ಮುಂಜಾನೆ ಹೆಂಡತಿ ದಾನವ್ವ ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ಟಾಂಗಾದಲ್ಲಿ ಹಾಕಿಕೊಂಡು ಧರ್ಮದ ದವಾಖಾನೆಗೆ ತಂದಳು.

ದೊಡ್ಡ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. "ತಲಿಯೊಳಗ ಏನಾಗೇತಿ ಅಂತ ಹೊರಗಿಂದ ತಿಳಿಯೂದಿಲ್ಲವ್ವಾ. ಕಾಯೂಣು," ಎಂದು ಹೊರಟೇಹೋದರು.

ವಾರ್ಡಿನ ಎದುರಿನ ಕೋಣೆಗೆ ಬೀಗ ಬಿದ್ದಿತ್ತು. ಕಿಟಕಿಯಿಂದ ಇಣುಕಿದರೆ ಬಿಳಿ ಬಟ್ಟೆ ಹೊದ್ದ ದೊಡ್ಡದೊಂದು ಪೆಟ್ಟಿಗೆ.

"ಅದೇನ್ರೀ ಅಕ್ಕಾರ?" ದಾನವ್ವ ನರ್ಸ್ ಶಹಜಹಾನಬೇಗಂಳನ್ನು ಕೇಳಿದಳು.

"ವಿಲಾಯತಿ ಮಶೀನು. ತಲಿಗೆ ತಂತಿ ಹಚ್ಚಿದ್ರ ಮಿದುಳು ಹ್ಯಾಂಗ ನಡದೇತಿ ಅಂತ ಕಾಗದದ ಮ್ಯಾಲ ಗೆರಿ ಹೊಡದ ತೋರಸ್ತೈತಿ. ಪೆಟ್ಟು ಯಾವ ಬಾಜೂಕ ಐತಿ ಅನ್ನೂದರ ಸುಳಿವೂ ಸಿಗತೈತಿ."

"ಮತ್ತ ನಮ್ಮನಿಯವ್ರಿಗೆ ಯಾಕ ಹಚ್ಚವಲ್ರು?"

ನರ್ಸ್ ದನಿ ತಗ್ಗಿಸಿದಳು. "ಮಂತ್ರಿಗಳು ಬಂದು ರಿಬ್ಬನ್ ಕತ್ತರಸಬೇಕಂತ. ಅಲ್ಲೀತನಕ ಮುಟ್ಟೂ ಹಂಗಿಲ್ಲ. ನಾನೂ ಕೇಳಿ ಬೈಸಿಕೊಂಡೇನಿ."

ದಾನವ್ವ ದೊಡ್ಡ ಡಾಕ್ಟರ ಬಾಗಿಲಿಗೆ ಹೋದಳು, ಜವಾನ ಹೊರಗಟ್ಟಿದ. ಮತ್ತೆ ಹೋದಳು, ಮತ್ತೆ ಅಟ್ಟಿದ. ಮಂತ್ರಿಯ ಪ್ರವಾಸ ಮುಂದೆ ಮುಂದೆ ಹೋಗುತ್ತಲೇ ಇತ್ತು. ಇತ್ತ ಗಿರಿಯಪ್ಪನ ಬಲಗೈ ಸೋಲುತ್ತ ಬಂತು.

ಕೊನೆಗೊಂದು ದಿನ ಮಂತ್ರಿ ಬಂದರು. ಹಾರ ಬಿದ್ದವು, ಬೀಗ ತೆರೆಯಿತು. ಮಶೀನು ನಡೆಯುವ ಬಗೆ ತೋರಿಸಲು ಆಫೀಸಿನ ಗುಮಾಸ್ತನೊಬ್ಬನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಇಸ್ತ್ರಿ ಅಂಗಿ ತೊಟ್ಟು, ತಲೆತುಂಬ ತಂತಿ ಅಂಟಿಸಿಕೊಂಡು ಅವನು ನಾಚಿ ನಗುತ್ತಿದ್ದ. ಪೆನ್ನುಗಳು ಕಾಗದದ ಮೇಲೆ ಕುಣಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ದಾನವ್ವ ಜನರನ್ನು ಸೀಳಿಕೊಂಡು ನುಗ್ಗಿದಳು.

"ಇವಗೇನಾಗೇತ್ರೀ? ಉಂಡು ತಿಂದು ಗುಂಡಕಲ್ಲಿನಾಂಗ ಅದಾನ. ಇವನ ತಲಿ ನೋಡಾಕ ಮಶೀನ ಬೇಕಾತು! ಅಲ್ಲಿ ನನ್ನ ಗಂಡ ಸಾಯಾಕತ್ತಾನ. ಅವಂದು ತಲಿ ಅಲ್ಲೇನ್ರಿ, ಕುಂಬಳಕಾಯೇನು?"

"ಯಾರದು, ಹೊರಗ ಹಾಕ್ರಿ!" ದೊಡ್ಡ ಡಾಕ್ಟರು ಗದರಿದರು. ಜವಾನ ರಟ್ಟೆ ಹಿಡಿದ. ದಾನವ್ವ ಕೊಡವಿಕೊಂಡು ಬಾಗಿಲಿಗೆ ಅಡ್ಡ ಕೂತುಬಿಟ್ಟಳು.

"ನನ್ನ ತುಳದು ಹೋಗ್ರಿ ಸಾಹೇಬ್ರ."

ಪತ್ರಿಕೆಯವರು ನೋಡುತ್ತಿದ್ದರು. ಮಂತ್ರಿ ಕೆಮ್ಮಿ, "ಆಕಿ ಗಂಡನ್ನ ಕರಕೊಂಬರ್ರಿ," ಎಂದರು. ಅವರ ಮಾತು ಮುಗಿಯುವ ಮೊದಲೇ ಶಹಜಹಾನಬೇಗಂ ಓಡಿದ್ದಳು.

ಗಿರಿಯಪ್ಪನಿಗೆ ತಂತಿ ಹಚ್ಚಿದಾಗ ಎಡ ಮಿದುಳಿನ ಗೆರೆಗಳು ಮಾತ್ರ ನಿಧಾನವಾಗಿ, ಉದ್ದುದ್ದ ತೆರೆಗಳಾಗಿ ಎದ್ದವು. ದೊಡ್ಡ ಡಾಕ್ಟರ ಮುಖದ ಬಣ್ಣ ಬದಲಾಯಿತು. ಅಂದೇ ಆ ಬದಿಯ ತಲೆಬುರುಡೆ ಕೊರೆದು, ಒಳಗೆ ನಿಂತಿದ್ದ ಕಪ್ಪು ರಕ್ತ ತೆಗೆದರು.

ಗಿರಿಯಪ್ಪ ಬದುಕಿದ. ಹೆಂಡತಿಯ ಹೆಸರು ಹಿಡಿದು ನೀರು ಕೇಳಿದ. ಬಲಗೈ ಮಾತ್ರ ಮೇಲೇಳಲಿಲ್ಲ.

ಮನೆಗೆ ಕಳಿಸುವ ದಿನ ದೊಡ್ಡ ಡಾಕ್ಟರು, "ನಿನ್ನ ದೈವ ಗಟ್ಟಿ ಇತ್ತವ್ವಾ. ಇನ್ನೂ ಸ್ವಲ್ಪ ಮೊದಲ ಆಗಿದ್ರ ಕೈನೂ ಉಳೀತಿತ್ತು," ಎಂದರು.

"ದೈವದ ಮಾತ ಬಿಡ್ರಿ. ಮೊದಲ ಮಶೀನೂ ಇತ್ತು, ನೀವೂ ಇದ್ರಿ. ನಾನೂ ನಿಮ್ಮ ಬಾಗಲದಾಗ ಇದ್ದೆ."

ಗಂಡನ ಸೋತ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು ದಾನವ್ವ ಮೆಟ್ಟಿಲಿಳಿದಳು. ಇಳಿಯುವಾಗಲೂ ಬೈಯುತ್ತಲೇ ಇದ್ದಳು, ಇಡೀ ದವಾಖಾನೆಗೆ ಕೇಳುವಂತೆ.